ಒಂದೇ ಫೋನ್ ಇದ್ರೂ ಸಾಕು: ಕ್ಲಾಸಲ್ಲಿ ಮಕ್ಕಳ ಕೈಲಿ ಡಿಜಿಟಲ್ ಕಥೆ ಮಾಡಿಸೋದು ಹೇಗೆ, ಶುರುವಿಂದ ಕೊನೇವರೆಗೆ

ಡಿಜಿಟಲ್ ಸ್ಟೋರಿಟೆಲ್ಲಿಂಗ್ ಅಂದ ತಕ್ಷಣ ನಮ್ಮ ಶಿಕ್ಷಕರಲ್ಲಿ ಎಲ್ರೂ ಮೊದ್ಲು ಕೇಳೋದು "ಯಾವ ಆಪ್ ಹಾಕ್ಕೋಬೇಕು ಸರ್" ಅಂತ. ಆಪ್ ವಿಷ್ಯ ಹೇಳ್ತೀನಿ, ಆದ್ರೆ ಈ ಕೆಲಸದಲ್ಲಿ ಆಪ್ ಬರೋದು ಅರ್ಧ ದಾರಿ ಆದ್ಮೇಲೆ. ಮೊದ್ಲು ಬರೋದು ಮಗುವಿನ ದನಿ. ಪಾಠ ಓದು ಅಂತ ಎಬ್ಬಿಸಿ ನಿಲ್ಲಿಸಿದ್ರೆ ತಲೆ ಬಗ್ಗಿಸ್ಕೊಂಡು ನಿಲ್ಲೋ ಮಗು ಇರ್ತಾವಲ್ಲ, ಪ್ರತಿ ಕ್ಲಾಸಲ್ಲೂ ಮೂರ್ನಾಲ್ಕು, ಅವನ್ನ ಪಕ್ಕಕ್ಕೆ ಕೂರಿಸ್ಕೊಂಡು ಫೋನ್ ರೆಕಾರ್ಡರ್ ಆನ್ ಮಾಡಿ "ನಿಮ್ಮನೆ ಎಮ್ಮೆ ಕಥೆ ಹೇಳು" ಅಂದ್ರೆ ಎಷ್ಟ್ ಚೆನ್ನಾಗಿ ಹೇಳ್ತವೆ ಅಂತ ಒಂದ್ಸಲ ಕೇಳಿ ನೋಡಿ. ಆ ಮಾತನ್ನ ಇಡೀ ಕ್ಲಾಸ್ ಕೂತು ಟಿವಿಲಿ ನೋಡೋ ಹಾಗೆ ಮಾಡೋದೇ ಈ ಕೆಲಸ.

ಈ ಪದ್ಧತಿ ಶುರುವಾಗಿದ್ದು 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಜೋ ಲ್ಯಾಂಬರ್ಟ್, ಡೇನಾ ಆಚ್ಲಿ ಅನ್ನೋರು ಮತ್ತೆ ಅವರ ಜೊತೆಯೋರಿಂದ. ಕ್ಯಾಮೆರಾ ಹಿಡಿದು ಗೊತ್ತಿಲ್ಲದ ಸಾಮಾನ್ಯ ಜನ ತಮ್ಮ ಕಥೆನ ತಮ್ಮದೇ ದನಿಯಲ್ಲಿ ಹೇಳಿ, ಕೆಲವೇ ಫೋಟೋ ಸೇರಿಸಿ ಎರಡು ಮೂರು ನಿಮಿಷದ ಚಿಕ್ಕ ವಿಡಿಯೋ ಮಾಡೋದು, ಅಷ್ಟೇ ಅವರ ಲೆಕ್ಕ. ಇದಕ್ಕೆ ಏಳು ಅಂಶ ಅಂತ ಪಟ್ಟಿ ಮಾಡಿದ್ರು, ಅದರಲ್ಲಿ ನಮ್ಮ ಕ್ಲಾಸಿಗೆ ನಿಜಕ್ಕೂ ಬೇಕಾಗೋದು ಮೂರು: ಹೇಳೋರ ಸ್ವಂತ ದನಿ, ಮುಂದೇನಾಯ್ತು ಅನ್ನೋ ಕುತೂಹಲ, ಎಷ್ಟು ಬೇಕೋ ಅಷ್ಟೇ ಹೇಳೋದು.

ನಾನು ಇಲ್ಲಿ ಹೇಳೋದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೇ ಆರನೇ ಕ್ಲಾಸನ್ನ ಮನಸ್ಸಲ್ಲಿ ಇಟ್ಕೊಂಡು. ಶಾಲೆಲಿ ನೆಟ್ ಇರಲ್ಲ ಅಂತಲೇ ಇಟ್ಕೊಳ್ಳಿ. ಬೇಕಾಗಿರೋದು ನಿಮ್ಮ ಫೋನು, ಅದರಲ್ಲಿ ಮೂರ್ನಾಲ್ಕು ಜಿಬಿ ಖಾಲಿ ಜಾಗ, ಡ್ರಾಯಿಂಗ್ ಶೀಟು, ಕ್ರೆಯಾನ್ಸು, ಒಂದು ಪೆನ್‌ಡ್ರೈವ್, ತೋರಿಸೋಕೆ ಸ್ಮಾರ್ಟ್ ಕ್ಲಾಸ್ ಟಿವಿನೋ ಪ್ರೊಜೆಕ್ಟರೋ. ಲ್ಯಾಪ್‌ಟಾಪ್ ಇದ್ರೆ ಅನುಕೂಲ, ಇಲ್ದಿದ್ರೂ ನಡೆಯತ್ತೆ.

ಮೊದಲು ನೀವೊಂದು ಮಾಡಿ

ಮಕ್ಕಳ ಮುಂದೆ ಹೋಗೋಕೆ ಮುಂಚೆ ನಿಮ್ಮದೇ ಒಂದು ನಿಮಿಷದ ಕಥೆ ಮಾಡ್ಕೊಳ್ಳಿ. ನೀವು ಓದಿದ ಶಾಲೆ, ಮೊದಲ ಪೋಸ್ಟಿಂಗ್ ಊರು, ನಿಮ್ಮಜ್ಜಿ ಕೈಯಡುಗೆ, ಏನಾದ್ರೂ ಆಗ್ಬಹುದು. ಆರು ಫೋಟೋ, ಒಂದು ನಿಮಿಷದ ಮಾತು. ಯಾಕೆ ಇದು ಮುಖ್ಯ ಅಂದ್ರೆ, ಒಂದ್ಸಲ ನೀವೇ ಮಾಡಿದ್ರೆ ಎಲ್ಲಿ ಸಿಕ್ಕಾಕ್ಕೋತೀವಿ ಅಂತ ಗೊತ್ತಾಗತ್ತೆ, ಮತ್ತೆ ಮಕ್ಕಳಿಗೆ ತೋರಿಸೋಕೆ ಒಂದು ಮಾದರಿ ಸಿಗತ್ತೆ, ಅದೂ ಯೂಟ್ಯೂಬಿಂದ ತಂದಿದ್ದಲ್ಲ, ಅವರ ಮೇಷ್ಟ್ರದ್ದೇ ಮೇಡಮ್ಮಂದೇ ಕಥೆ. ಮೇಡಂ ಚಿಕ್ಕವರಿದ್ದಾಗ ಹೆಂಗಿದ್ರು ಅಂತ ನೋಡೋಕೆ ಮಕ್ಕಳಿಗೆ ಇರೋ ಆಸೆ ಇನ್ಯಾವುದಕ್ಕೂ ಇರಲ್ಲ.

ಕಥೆ ಹುಡುಕೋದು

"ಯಾವುದಾದ್ರೂ ಕಥೆ ಹೇಳಿ" ಅಂದ್ರೆ ಮಕ್ಕಳು ಹೇಳೋದು ಕಾಗೆ ನರಿ, ಇಲ್ಲಾ ಟಿವಿ ಸೀರಿಯಲ್ಲು. ತಪ್ಪೇನಿಲ್ಲ, ಆದ್ರೆ ಅದಕ್ಕಿಂತ ಗಟ್ಟಿ ಸರಕು ಅವರ ಮನೇಲೇ ಇದೆ. ಪ್ರಶ್ನೆ ಸಣ್ಣದಾಗಿ, ನೇರವಾಗಿ ಇರ್ಬೇಕು. ನಿಮ್ಮೂರಿಗೆ ಆ ಹೆಸರು ಯಾಕೆ ಬಂತು ಅಂತ ಅಜ್ಜಿನ ಕೇಳ್ಕೊಂಡ್ ಬಾ. ಕೆರೆ ಕೋಡಿ ಬಿದ್ದಿದ್ದನ್ನ ನೋಡಿದೋರು ಯಾರಿದ್ದಾರೆ? ಊರಿಗೆ ಕರೆಂಟ್ ಬಂದ ದಿನ ಏನಾಯ್ತು? ನಿಮ್ಮನೇಲಿರೋ ತುಂಬಾ ಹಳೇ ಸಾಮಾನು ಯಾವ್ದು, ಯಾರು ತಂದಿದ್ದು? ಇಂಥ ಒಂದೇ ಒಂದು ಪ್ರಶ್ನೆ ಶುಕ್ರವಾರ ಕೊಟ್ಟು ಕಳಿಸಿ, ಸೋಮವಾರ ಮಕ್ಕಳು ಬಾಯ್ತುಂಬಾ ಕಥೆ ತರ್ತಾರೆ.

ಸೋಮವಾರ ಎಲ್ರೂ ದುಂಡಗೆ ಕೂತ್ಕೊಂಡು ಹೇಳಿಸಿ. ಈ ಹೊತ್ತಲ್ಲಿ ನೀವು ಮಾಡೋ ಕೆಲಸ ಒಂದೇ, "ಆಮೇಲೆ?" ಅಂತ ಕೇಳೋದು. ಬರೆಸಬೇಡಿ. ಬರೆಯೋಕೆ ಹೇಳಿದ ಕೂಡ್ಲೇ ಮಗು ಪಠ್ಯಪುಸ್ತಕದ ಭಾಷೆಗೆ ಹೋಗ್ಬಿಡತ್ತೆ, "ನಮ್ಮ ಊರಿನಲ್ಲಿ ಒಂದು ಸುಂದರವಾದ ಕೆರೆಯಿದೆ" ಅಂತ, ಅಲ್ಲಿಗೆ ಕಥೆ ಸತ್ತಂಗೆ. ಬಾಯಲ್ಲಿ ಹೇಳ್ವಾಗ ಅದೇ ಮಗು "ನಮ್ಮೂರ್ ಕೆರೇಲಿ ಈಗ ನೀರೇ ಇಲ್ಲ ಮಿಸ್, ನಾವು ಕ್ರಿಕೆಟ್ ಆಡ್ತೀವಿ ಅಲ್ಲಿ" ಅನ್ನತ್ತೆ. ನಮಗೆ ಬೇಕಾಗಿರೋದು ಈ ಎರಡನೇದು. ಕಲಬುರಗಿ ಕಡೆ ಮಗು ಕಲಬುರಗಿ ಕನ್ನಡದಲ್ಲೇ ಹೇಳ್ಲಿ, ಕುಂದಾಪುರದ ಮಗು ಕುಂದಾಪ್ರ ಕನ್ನಡದಲ್ಲೇ ಹೇಳ್ಲಿ, ಮನೇಲಿ ಲಂಬಾಣಿನೋ ತುಳುನೋ ಉರ್ದುನೋ ಮಾತಾಡೋ ಮಕ್ಕಳಿದ್ರೆ ಅವರ ಮಾತಲ್ಲೇ ಒಂದೆರಡು ಸಾಲು ಇರ್ಲಿ. ತಿದ್ದೋ ಕೆಲಸ ನೋಟ್‌ಬುಕ್ಕಲ್ಲಿ ಮಾಡೋಣ, ಇಲ್ಲಿ ಬೇಡ.

ಕ್ಲಾಸಲ್ಲಿ 35-40 ಮಕ್ಕಳಿದ್ರೆ ಆರಾರು ಏಳೇಳು ಜನದ ಗುಂಪು ಮಾಡಿ, ಗುಂಪಿಗೊಂದು ಕಥೆ ಆರಿಸ್ಕೊಳ್ಳಲಿ. ಹೇಳೋರು, ಚಿತ್ರ ಬರೆಯೋರು, ಸದ್ದು ಮಾಡೋರು, ಫೋಟೋ ತೆಗೆಯೋರು ಅಂತ ಕೆಲಸ ಹಂಚಿ. ಚೆನ್ನಾಗಿ ಓದೋ ಮಗುನೇ ಹೇಳೋರಾಗ್ಬೇಕು ಅಂತಿಲ್ಲ, ಯಾರ ಮನೆ ಕಥೆನೋ ಅವರೇ ಹೇಳ್ಬೇಕು, ಇದೊಂದು ವಿಷ್ಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ.

ಆರು ಚೌಕ

ಒಂದು ಹಾಳೆ ಮಡಚಿ ಆರು ಚೌಕ ಮಾಡಿಸಿ. ಒಂದೊಂದು ಚೌಕಕ್ಕೆ ಒಂದು ಗೀಚು ಚಿತ್ರ, ಕೆಳಗೆ ಒಂದು ಸಾಲು. ಇದನ್ನೇ ಸ್ಟೋರಿಬೋರ್ಡ್ ಅಂತಾರೆ. ಉದಾಹರಣೆಗೆ ಕೆರೆ ಕಥೆ ಹೀಗೆ ಬರ್ಬಹುದು ಅಂದ್ಕೊಳ್ಳಿ:

1. ಒಣಗಿದ ಕೆರೆ, ಮಕ್ಕಳು ಆಡ್ತಿದ್ದಾರೆ. "ಇದು ನಮ್ಮೂರ್ ಕೆರೆ. ಈಗ ನೀರಿಲ್ಲ."
2. ತುಂಬಿದ ಕೆರೆ. "ನಮ್ ತಾತ ನನ್ನಷ್ಟ್ ಇದ್ದಾಗ ಕೋಡಿ ಬಿದ್ದಿತ್ತಂತೆ."
3. ನೀರು, ಆಚೆ ದಡದಲ್ಲಿ ಎಮ್ಮೆ. "ಎಮ್ಮೆ ಆ ಕಡೆನೇ ಉಳ್ಕಂಬಿಡ್ತಂತೆ."
4. ತಾತ ನೀರಲ್ಲಿ. "ತಾತ ಎಮ್ಮೆ ಬಾಲ ಹಿಡ್ಕಂಡು ಈಜ್ಕಂಡ್ ಬಂದ್ರಂತೆ."
5. ದಡದಲ್ಲಿ ತಾತನ ಅವ್ವ. "ಅವರವ್ವ ಮೊದ್ಲು ಬೈದ್ರಂತೆ, ಆಮೇಲೆ ತಬ್ಕಂಡು ಅತ್ರಂತೆ."
6. ಮಗು ಮತ್ತೆ ತಾತ. "ಮೊನ್ನೆ ತಾತ ಕೋಡಿ ಕಲ್ಲು ಎಲ್ಲೈತೆ ಅಂತ ತೋರ್ಸಿದ್ರು. ಗಿಡ ಬೆಳ್ಕಂಡೈತೆ."

ನೋಡಿ, ಇದ್ರಲ್ಲಿ ಪರಿಸರ ಅಧ್ಯಯನದ ನೀರಿನ ಪಾಠ ಪೂರ್ತಿ ಕೂತಿದೆ, ಕೋಡಿ ಅಂದ್ರೇನು, ಕೆರೆ ಯಾಕೆ ಒಣಗ್ತು ಅನ್ನೋ ಚರ್ಚೆ ತಾನಾಗೇ ಎದ್ದು ಬರತ್ತೆ. ಆರು ಚೌಕಕ್ಕಿಂತ ಜಾಸ್ತಿ ಬೇಡ. ಮಾತು ಒಂದೂವರೆ ನಿಮಿಷ ದಾಟಿದ್ರೆ ಚಿತ್ರ ಸಾಲಲ್ಲ, ನೋಡೋ ಮಕ್ಕಳೂ ಅಲ್ಲಾಡೋಕೆ ಶುರು ಮಾಡ್ತಾರೆ.

ದನಿ ರೆಕಾರ್ಡ್ ಮಾಡೋದು, ಇಲ್ಲಿ ಟೈಮ್ ಕೊಡಿ

ವಿಡಿಯೋದಲ್ಲಿ ಚಿತ್ರ ಸ್ವಲ್ಪ ಮಸುಕಾಗಿದ್ರೂ ಜನ ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಯಾರೂ ನೋಡಲ್ಲ. ಅದಕ್ಕೇ ಚಿತ್ರಕ್ಕಿಂತ ಮುಂಚೆ ದನಿ ಮುಗಿಸಿ, ದನಿಯ ಉದ್ದಕ್ಕೆ ಚಿತ್ರ ಹೊಂದಿಸೋದು ಸುಲಭ, ಉಲ್ಟಾ ಮಾಡಿದ್ರೆ ಮಗು ಚಿತ್ರ ಓಡೋ ಸ್ಪೀಡಿಗೆ ತಕ್ಕಂತೆ ಅವಸರವಾಗಿ ಮಾತಾಡ್ಬೇಕಾಗತ್ತೆ.

ಜಾಗ ಮೊದ್ಲು ನೋಡ್ಕೊಳ್ಳಿ. ಖಾಲಿ ಕೋಣೆ ಗುಂಯ್ ಅನ್ನತ್ತೆ, ಶೀಟಿನ ಮಾಡು ಇದ್ರೆ ಇನ್ನೂ ಜಾಸ್ತಿ. ಪುಸ್ತಕ ತುಂಬಿರೋ ಲೈಬ್ರರಿ ಮೂಲೆ, ಜಮಖಾನ ಹಾಸಿರೋ ಕೋಣೆ ವಾಸಿ. ಬಿಸಿಯೂಟದ ಕುಕ್ಕರ್ ಕೂಗೋ ಹೊತ್ತು, ಬೆಲ್ ಹೊಡೆಯೋ ಹೊತ್ತು ಬಿಟ್ಟು ಬೇರೆ ಹೊತ್ತು ಇಟ್ಕೊಳ್ಳಿ, ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಮೊದಲ ಪಿರಿಯಡ್ ಚೆನ್ನಾಗಿರತ್ತೆ. ಫ್ಯಾನ್ ಆಫ್ ಮಾಡಿ. ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲಾಂದ್ರೆ ಮಗು ಕಥೆಯ ಮಧ್ಯೆ ಇದ್ದಾಗ್ಲೇ ಫೋನ್ ಬರತ್ತೆ.

ಫೋನ್ ಮಗುವಿನ ಬಾಯಿಂದ ಒಂದು ಗೇಣು ದೂರ ಇರ್ಲಿ, ನೇರ ಮುಂದೆ ಬೇಡ, ಸ್ವಲ್ಪ ಪಕ್ಕಕ್ಕೆ. ನೇರ ಹಿಡಿದ್ರೆ ಪ, ಬ, ಭ ಬಂದಾಗೆಲ್ಲ ಉಸಿರು ಬಡಿದು ಬುಸ್ ಅಂತ ಸದ್ದಾಗತ್ತೆ. ಮೈಕ್ ಇರೋದು ಫೋನಿನ ಕೆಳಗಡೆ ಅಂಚಲ್ಲಿ, ಅದನ್ನ ಬೆರಳಿಂದ ಮುಚ್ಚಬೇಡಿ. ಕೈಯಲ್ಲಿ ಹಿಡ್ಕೊಳ್ಳೋಕಿಂತ ಪುಸ್ತಕದ ಮೇಲಿಟ್ರೆ ಒಳ್ಳೇದು. ರೆಕಾರ್ಡ್ ಒತ್ತಿದ್ಮೇಲೆ ಐದು ಸೆಕೆಂಡ್ ಎಲ್ರೂ ಸುಮ್ನಿರಿ, ಆಮೇಲೆ ಮಗು ಶುರು ಮಾಡ್ಲಿ. ಈ ಐದು ಸೆಕೆಂಡ್ ಮುಂದೆ ಕೆಲಸಕ್ಕೆ ಬರತ್ತೆ.

ಚೌಕಕ್ಕೊಂದು ಫೈಲ್ ಮಾಡಿ. ಆರು ಚೌಕ, ಆರು ಚಿಕ್ಕ ಫೈಲು, 01, 02, 03 ಅಂತ ಹೆಸರು. ಪೂರ್ತಿ ಕಥೆ ಒಂದೇ ಸಲಕ್ಕೆ ಹೇಳಿಸಿದ್ರೆ ನಾಲ್ಕನೇ ಸಾಲಲ್ಲಿ ತಡವರಿಸಿದ ಮಗು ಮತ್ತೆ ಮೊದಲಿಂದ ಹೇಳ್ಬೇಕಾಗತ್ತೆ, ಮೂರು ಸಲ ಹೀಗಾದ್ರೆ ಅದರ ಉತ್ಸಾಹನೇ ಹೋಗ್ಬಿಡತ್ತೆ. ಚಿಕ್ಕ ಚಿಕ್ಕದಾದ್ರೆ ತಪ್ಪಿದ ಸಾಲು ಮಾತ್ರ ಇನ್ನೊಂದ್ಸಲ. ಮಗು ಹೇಳ್ವಾಗ ಹಾಳೆ ನೋಡಿ ಓದಿಸಬೇಡಿ. ಎದುರಿಗೆ ಅದರ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿ, ಅವರಿಗೆ ಹೇಳು ಅನ್ನಿ, ದನಿ ಪೂರ್ತಿ ಬದಲಾಗತ್ತೆ, ಕಣ್ಣೂ ಕೈಯೂ ಸೇರ್ಕೊಂಡು ಮಾತಾಡೋಕೆ ಶುರು ಮಾಡತ್ತೆ. ನಗು ಬಂದ್ರೆ ನಗು ಇರ್ಲಿ, ಅಳಿಸಬೇಡಿ.

ಲ್ಯಾಪ್‌ಟಾಪ್ ಇದ್ರೆ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳ್ಳಿ, ವಿಂಡೋಸಲ್ಲೂ ಉಬುಂಟುನಲ್ಲೂ ನಡೆಯತ್ತೆ. ಫೋನಿನ ಫೈಲು ಎಂಪಿತ್ರೀನೋ ವೇವೋ ಆಗಿದ್ರೆ ನೇರ ತೆರ್ಕೊಳತ್ತೆ, ಎಂ4ಎ ಆಗಿದ್ರೆ ಎಫ್ಎಫ್ಎಂಪೆಗ್ ಅನ್ನೋದನ್ನೂ ಹಾಕ್ಬೇಕಾಗ್ಬಹುದು, ಅದಕ್ಕಿಂತ ರೆಕಾರ್ಡರ್ ಸೆಟ್ಟಿಂಗಲ್ಲೇ ವೇವ್ ಅಂತ ಮೊದಲೇ ಬದಲಾಯಿಸ್ಕೊಳ್ಳೋದು ಸುಲಭ. ಆಮೇಲೆ ಹೀಗೆ ಮಾಡಿ: ಆ ಐದು ಸೆಕೆಂಡ್ ಮೌನದ ಭಾಗ ಮೌಸಿಂದ ಸೆಲೆಕ್ಟ್ ಮಾಡಿ, ಎಫೆಕ್ಟ್ ಮೆನುಲಿ ನಾಯ್ಸ್ ರಿಡಕ್ಷನ್ ತೆಗೆದು ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಈಗ ಪೂರ್ತಿ ಸೆಲೆಕ್ಟ್ ಮಾಡಿ, ಮತ್ತೆ ಅದೇ ನಾಯ್ಸ್ ರಿಡಕ್ಷನ್‌ಗೆ ಹೋಗಿ ಓಕೆ ಕೊಡಿ. ಗುಂಯ್ ಸದ್ದು ಎಷ್ಟೋ ಕಡಿಮೆ ಆಗತ್ತೆ. ಎರಡು ಮೂರು ಸಲ ಮಾಡೋಕೆ ಹೋಗ್ಬೇಡಿ, ಮಗುವಿನ ದನಿ ಡಬ್ಬದೊಳಗಿಂದ ಬಂದಂಗಾಗತ್ತೆ. ಕೊನೆಗೆ ಎಂಪಿತ್ರೀ ಆಗಿ ಎಕ್ಸ್‌ಪೋರ್ಟ್ ಮಾಡಿ. 128 ಕೆಬಿಪಿಎಸ್ ಇಟ್ರೆ ಒಂದು ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಎಂಬಿ, ಅಷ್ಟೇ.

ಸದ್ದು ಮಾಡೋ ಗುಂಪಿಗೂ ಇದೇ ಹೊತ್ತಲ್ಲಿ ಕೆಲಸ ಕೊಡಿ. ಬಕೆಟ್ ನೀರಲ್ಲಿ ಕೈಯಾಡಿಸಿದ್ರೆ ಈಜೋ ಸದ್ದು, ಪ್ಲಾಸ್ಟಿಕ್ ಕವರ್ ಮೆಲ್ಲಗೆ ಹಿಸುಕಿದ್ರೆ ಮಳೆ, ತೆಂಗಿನ ಚಿಪ್ಪು ಎರಡು ಬಡಿದ್ರೆ ಎತ್ತಿನ ಹೆಜ್ಜೆ. ಎಮ್ಮೆ ಕೂಗೋಕೆ ಕ್ಲಾಸಲ್ಲಿ ಒಬ್ಬ ಇದ್ದೇ ಇರ್ತಾನೆ. ಸಿನಿಮಾ ಹಾಡು ಹಿನ್ನೆಲೆಗೆ ಹಾಕಬೇಡಿ, ಕಾಪಿರೈಟ್ ಸಮಸ್ಯೆ ಒಂದು ಕಡೆ, ಮಗುವಿನ ದನಿನ ಅದು ನುಂಗತ್ತೆ ಅನ್ನೋದು ಇನ್ನೂ ದೊಡ್ಡ ಸಮಸ್ಯೆ. ಸಂಗೀತ ಬೇಕೇ ಬೇಕು ಅಂದ್ರೆ ಮಕ್ಕಳೇ ಹಾಡೋ ಸೋಬಾನೆ ಪದ, ಡೊಳ್ಳು ಬಡಿಯೋ ಮನೆ ಮಗು ಇದ್ರೆ ಅದರ ಕೈ.

ಚಿತ್ರ

ಟಿವಿ ಅಡ್ಡ ಇರತ್ತೆ, ಹಾಗಾಗಿ ಹಾಳೆನೂ ಅಡ್ಡ ಇಟ್ಕೊಂಡೇ ಬರೆಸಿ. ಉದ್ದಕ್ಕೆ ಬರೆದ್ರೆ ಎರಡೂ ಪಕ್ಕ ಕಪ್ಪು ಪಟ್ಟಿ ಬಂದು ಚಿತ್ರ ಚಿಕ್ಕದಾಗಿ ಕಾಣತ್ತೆ. ಸುತ್ತ ಒಂದಿಂಚು ಜಾಗ ಬಿಡ್ಲಿ. ಬಣ್ಣದ ಪೆನ್ಸಿಲ್ ಫೋಟೋದಲ್ಲಿ ಬಿಳಚ್ಕೊಳತ್ತೆ, ಕ್ರೆಯಾನ್ಸ್ ಹಚ್ಚಿ ಅಂಚಿಗೆ ಕಪ್ಪು ಸ್ಕೆಚ್ ಪೆನ್ ಎಳೆದ್ರೆ ಹಿಂದಿನ ಬೆಂಚಿಗೂ ಕಾಣತ್ತೆ. ಫೋಟೋ ತೆಗೆಯೋದು ಕಿಟಕಿ ಪಕ್ಕ, ನೆಲದ ಮೇಲಿಟ್ಟು, ಫೋನ್ ಹಾಳೆಗೆ ಸಮಾನಾಂತರವಾಗಿ ಹಿಡಿದು, ಫ್ಲ್ಯಾಶ್ ಇಲ್ದೆ. ನಿಮ್ಮ ನೆರಳು ಬೀಳದ ಕಡೆ ನಿಂತ್ಕೊಳ್ಳಿ. ಡಾಕ್ಯುಮೆಂಟ್ ಸ್ಕ್ಯಾನ್ ಆಪಲ್ಲಿ ತೆಗೆದ್ರೆ ಅದು ಬಿಳಿ ಕಪ್ಪಿಗೆ ಹೊಂದ್ಕೊಂಡು ಬಣ್ಣ ತಿಂದ್ಹಾಕತ್ತೆ, ಮಾಮೂಲಿ ಕ್ಯಾಮೆರಾ ಸಾಕು.

ಎಐನಲ್ಲಿ ಚಿತ್ರ ಮಾಡ್ಕೊಡತ್ತಲ್ಲ, ಅದನ್ನೇ ಹಾಕಿದ್ರೆ ಬೇಗ ಆಗಲ್ವಾ ಅಂತ ಕೇಳೋರಿದ್ದಾರೆ. ಬೇಗ ಆಗತ್ತೆ ನಿಜ. ಆದ್ರೆ ಆ ಚಿತ್ರದಲ್ಲಿರೋ ಕೆರೆ ನಮ್ಮೂರ ಕೆರೆ ಆಗಿರಲ್ಲ, ಆ ತಾತ ಈ ತಾತ ಆಗಿರಲ್ಲ. ಮಗು ತನ್ನ ತಾತನಿಗೆ ಕೆಂಪು ಟವೆಲ್ ಬರೆದಿರತ್ತೆ ಯಾಕಂದ್ರೆ ತಾತ ಹಾಕೋದು ಅದನ್ನೇ. ಆ ಟವೆಲ್ ಬಿಟ್ಕೊಡೋಕೆ ನಾನಂತೂ ತಯಾರಿಲ್ಲ.

ಜೋಡಿಸೋದು

ಈಗ ಬಂತು ಆಪ್. ಫೋನಲ್ಲೇ ಮಾಡೋದಾದ್ರೆ ಯೂಕಟ್, ಇನ್‌ಶಾಟ್, ಕೈನ್‌ಮಾಸ್ಟರ್ ಥರದ್ದು ಯಾವುದಾದ್ರೂ ಒಂದು ಆರಿಸ್ಕೊಂಡು ಅದನ್ನೇ ಕೈಗೆ ಹತ್ತಿಸ್ಕೊಳ್ಳಿ, ದಿನಕ್ಕೊಂದು ಬದಲಾಯಿಸ್ಬೇಡಿ. ಎಲ್ಲದರಲ್ಲೂ ಕೆಲಸ ಹೆಚ್ಚುಕಡಿಮೆ ಒಂದೇ. ಹೊಸ ಪ್ರಾಜೆಕ್ಟ್ ತೆಗೀರಿ, ಅಳತೆ 16:9 ಅಂತ ಕೊಡಿ, ಆರು ಚಿತ್ರ ಕ್ರಮವಾಗಿ ಆರಿಸಿ. ಆಡಿಯೋದಲ್ಲಿ 01 ಫೈಲ್ ತಂದು ಮೊದಲ ಚಿತ್ರದ ಕೆಳಗೆ ಇಡಿ, ಮಾತು ಎಷ್ಟು ಸೆಕೆಂಡ್ ಇದೆಯೋ ಅದಕ್ಕಿಂತ ಒಂದು ಸೆಕೆಂಡ್ ಜಾಸ್ತಿ ಚಿತ್ರ ನಿಲ್ಲೋ ಹಾಗೆ ಎಳೀರಿ. ಹೀಗೇ ಆರೂ. ಆ ಒಂದು ಸೆಕೆಂಡ್ ಮೌನದಲ್ಲೇ ನೋಡೋ ಮಗು ಚಿತ್ರ ನೋಡೋದು. ಸದ್ದಿನ ಫೈಲುಗಳನ್ನ ಇನ್ನೊಂದು ಸಾಲಲ್ಲಿ ಇಟ್ಟು ವಾಲ್ಯೂಮ್ ಕಾಲು ಭಾಗಕ್ಕೆ ಇಳಿಸಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ತಿರುಗೋದು, ಹಾರೋದು, ಹೃದಯದ ಆಕಾರ ಬರೋದು ಇವೆಲ್ಲ ಬೇಡ. 720ಪಿ ರೆಸಲ್ಯೂಶನ್ನಲ್ಲಿ ಸೇವ್ ಮಾಡಿದ್ರೆ ಶಾಲೆ ಟಿವಿಗೆ ಸಾಕು, ಫೈಲೂ ಚಿಕ್ಕದು.

ಐದನೇ ಕ್ಲಾಸ್ ಮಕ್ಕಳು ಇದನ್ನ ನಮಗಿಂತ ಬೇಗ ಕಲೀತಾರೆ. ಒಂದು ಗುಂಪಿಗೆ ತೋರಿಸಿ, ಆ ಗುಂಪು ಮುಂದಿನ ಗುಂಪಿಗೆ ಕಲಿಸ್ಲಿ. ನಿಮ್ಮ ಸ್ವಂತ ಫೋನ್ ಮಕ್ಕಳ ಕೈಗೆ ಕೊಡೋದಾದ್ರೆ ಸೆಟ್ಟಿಂಗಲ್ಲಿ ಸ್ಕ್ರೀನ್ ಪಿನ್ನಿಂಗ್ ಅಂತ ಇರತ್ತೆ, ಅದನ್ನ ಆನ್ ಮಾಡಿ ಆ ಆಪನ್ನ ಪಿನ್ ಮಾಡಿದ್ರೆ ಆ ಒಂದು ಆಪ್ ಬಿಟ್ಟು ಆಚೆ ಹೋಗೋಕಾಗಲ್ಲ.

ಲ್ಯಾಪ್‌ಟಾಪಲ್ಲಿ ಪವರ್‌ಪಾಯಿಂಟ್ ಇದ್ರೆ ಅದೂ ಒಳ್ಳೇ ದಾರಿ, ನಮಗೆಲ್ಲ ಅಭ್ಯಾಸ ಇರೋದೇ. ಸ್ಲೈಡಿಗೊಂದು ಚಿತ್ರ, ಇನ್ಸರ್ಟಲ್ಲಿ ಆಡಿಯೋ, ಅದು ತಾನಾಗೇ ಶುರುವಾಗೋ ಹಾಗೆ ಆಟೋಮ್ಯಾಟಿಕ್ ಅಂತ ಕೊಟ್ಟು, ಫೈಲ್ ಮೆನುಲಿ ಎಕ್ಸ್‌ಪೋರ್ಟ್, ಕ್ರಿಯೇಟ್ ಎ ವಿಡಿಯೋ. ಲಿಬ್ರೆ ಆಫೀಸ್ ಇಂಪ್ರೆಸಲ್ಲಿ ಹೀಗೆ ನೇರ ವಿಡಿಯೋ ಆಗಲ್ಲ, ಸ್ಲೈಡ್ ಶೋ ಆಗಿ ತೋರಿಸ್ಬಹುದು, ವಿಡಿಯೋ ಬೇಕಂದ್ರೆ ಓಪನ್‌ಶಾಟ್ ಅಥವಾ ಕೆಡೆನ್‌ಲೈವ್ ಬಳಸಿ, ಎರಡೂ ಉಚಿತ.

ಕನ್ನಡ ಅಕ್ಷರದ ತೊಂದರೆ

ಇದು ಎಲ್ರಿಗೂ ಬರೋ ತಲೆನೋವು, ಅದಕ್ಕೇ ಬೇರೆಯಾಗಿ ಹೇಳ್ತೀನಿ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಕಾಪಿ ಮಾಡಿ ಬೇರೆ ಕಡೆ ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಬರತ್ತೆ, ಯಾಕಂದ್ರೆ ಅದು ಯೂನಿಕೋಡ್, ಅಂದ್ರೆ ಎಲ್ಲ ಕಡೆ ಒಂದೇ ಥರ ಕಾಣೋ ಅಕ್ಷರ ಪದ್ಧತಿ, ಅಲ್ಲ. ಆಸ್ಕಿ ಅನ್ನೋ ಆ ಹಳೇ ಪದ್ಧತಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಆನ್‌ಲೈನಲ್ಲಿ ಉಚಿತವಾಗಿವೆ, ಅದ್ರಲ್ಲಿ ಹಾಕಿ ತೆಗೀರಿ. ಹೊಸದಾಗಿ ಟೈಪ್ ಮಾಡೋಕೆ ಫೋನಲ್ಲಿ ಜಿಬೋರ್ಡ್ (ಗೂಗಲ್ ಕೀಬೋರ್ಡ್) ಕನ್ನಡ ಸಾಕು. ಮೈಕ್ ಒತ್ತಿ ಮಾತಾಡಿದ್ರೂ ಬರಕೊಳತ್ತೆ, ಆದ್ರೆ ಊರ ಮಾತನ್ನ ಅದು ತಪ್ಪು ತಪ್ಪಾಗಿ ತಗೊಳತ್ತೆ, ಕೂತು ತಿದ್ದಬೇಕು.

ಇನ್ನೊಂದು, ಕೆಲವು ವಿಡಿಯೋ ಆಪಲ್ಲಿ ಒತ್ತಕ್ಷರ ಕಳಚಿ ಬೀಳತ್ತೆ, "ಎಮ್ಮೆ" ಅಂತ ಹಾಕಿದ್ರೆ ಎಮ್ ಒಂದ್ಕಡೆ ಮೆ ಒಂದ್ಕಡೆ. ಇದಕ್ಕೆ ಸುಲಭ ಪರಿಹಾರ ಅಂದ್ರೆ ಶೀರ್ಷಿಕೆನ ಮಕ್ಕಳ ಕೈಲೇ ಹಾಳೆ ಮೇಲೆ ದೊಡ್ಡದಾಗಿ ಬರೆಸಿ ಫೋಟೋ ತೆಗೆದು ಹಾಕೋದು. ಟೈಪ್ ಮಾಡಿದ್ದೇ ಬೇಕಂದ್ರೆ ಪವರ್‌ಪಾಯಿಂಟಲ್ಲಿ ಟೈಪ್ ಮಾಡಿ ಆ ಸ್ಲೈಡನ್ನ ಚಿತ್ರವಾಗಿ ಸೇವ್ ಮಾಡಿ. ಫಾಂಟಲ್ಲಿ "ಬಲೂ ತಮ್ಮ" ಅನ್ನೋದು ಮಕ್ಕಳಿಗೆ ದುಂಡಗೆ ಚೆನ್ನಾಗಿ ಕಾಣತ್ತೆ, ನೋಟೋ ಸ್ಯಾನ್ಸ್ ಕನ್ನಡ ಓದೋಕೆ ಸ್ಪಷ್ಟ, ಎರಡೂ ಗೂಗಲ್ ಫಾಂಟ್ಸಲ್ಲಿ ಉಚಿತ. ಕಿವಿ ಸರಿಯಾಗಿ ಕೇಳಿಸದ ಮಗು ಕ್ಲಾಸಲ್ಲಿದ್ರೆ ಪ್ರತಿ ಚಿತ್ರದ ಕೆಳಗೆ ಆ ಸಾಲು ಬರೆದೇ ಹಾಕಿ, ಅದೇ ಸಾಲು ಓದು ಕಲಿಯೋ ಮಕ್ಕಳಿಗೂ ಸಹಾಯ.

ತೋರಿಸೋ ಹಿಂದಿನ ದಿನ

ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟಲ್ಲಿರ್ಲಿ, ವಿಡಿಯೋ ಎಂಪಿಫೋರ್ ಆಗಿರ್ಲಿ, ಹೆಚ್ಚಿನ ಟಿವಿಗಳು ಇದನ್ನ ತಗೊಳ್ತವೆ. ಫೈಲ್ ಹೆಸರು ಇಂಗ್ಲಿಷಲ್ಲೇ ಇಡಿ, ಕನ್ನಡ ಹೆಸರಿದ್ರೆ ಕೆಲವು ಟಿವಿ ಚೌಕ ಚೌಕ ತೋರಿಸತ್ತೆ. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೋ ಆಗಿ ಕಳಿಸಿದ್ರೆ ಕುಗ್ಗಿಸಿ ಹಾಳು ಮಾಡತ್ತೆ. ಹಿಂದಿನ ದಿನವೇ ಒಮ್ಮೆ ಹಾಕಿ, ನೀವು ಕೊನೇ ಬೆಂಚಲ್ಲಿ ಕೂತು ಕೇಳಿ. ಟಿವಿ ದನಿ ಸಾಲದಿದ್ರೆ ಚಾರ್ಜ್ ಆಗೋ ಬ್ಲೂಟೂತ್ ಸ್ಪೀಕರ್ ಇಟ್ಕೊಳ್ಳಿ. ಸಂಭ್ರಮ ಶನಿವಾರ ಇದಕ್ಕೆ ಹೇಳಿ ಮಾಡಿಸಿದ ದಿನ, ಬ್ಯಾಗ್ ಇರಲ್ಲ, ಅವಸರ ಇರಲ್ಲ. ಕಥೆ ಕೊಟ್ಟ ಅಜ್ಜಿ ತಾತಂದಿರನ್ನೂ ಕರೆಸಿ ಮುಂದೆ ಕೂರಿಸಿ.

ಒಪ್ಪಿಗೆ ತಗೊಳ್ಳದೆ ಆಚೆ ಬಿಡಬೇಡಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನೋರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು. ಕಾನೂನು ಪಕ್ಕಕ್ಕಿಟ್ರೂ ಇದು ನಮ್ಮ ಜವಾಬ್ದಾರಿನೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೇಲಿ ತೋರಿಸಿ, ಪೋಷಕರಿಗೆ ಏನ್ ಮಾಡ್ತಿದೀವಿ ಅಂತ ವಿವರಿಸಿ ಸಹಿ ತಗೊಳ್ಳಿ. ಮಗುವಿನ ಮುಖ, ಪೂರ್ತಿ ಹೆಸರು, ಮನೆ ವಿಳಾಸ ವಿಡಿಯೋದಲ್ಲಿ ಬರೋದು ಬೇಡ, ಚಿತ್ರ ಮತ್ತೆ ದನಿ ಇದ್ರೆ ಸಾಕಲ್ಲ. ಯೂಟ್ಯೂಬಿಗೆ ಹಾಕೋ ಅವಸರನೂ ಬೇಡ. ಅನ್‌ಲಿಸ್ಟೆಡ್ ಅಂತ ಹಾಕಿದ್ರೂ ಲಿಂಕ್ ಸಿಕ್ಕೋರೆಲ್ಲ ನೋಡ್ಬಹುದು ಅನ್ನೋದು ನೆನಪಿರ್ಲಿ. ಕೆಲವು ಮನೆ ಕಥೆಗಳು ಕ್ಲಾಸಿನೊಳಗೇ ಇರ್ಬೇಕು. ಸಾಲ, ಕುಡಿತ, ಜಗಳದ ಮಾತು ಬಂದ್ರೆ ಮಗುನ ಪಕ್ಕಕ್ಕೆ ಕರೆದು ಮಾತಾಡಿ, ಅದನ್ನ ವಿಡಿಯೋ ಮಾಡೋದು ಬೇಡ.

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಇದನ್ನ ತಗೊಂಡ್ರೆ ಅಂಕ ಕೊಡೋದು ವಿಡಿಯೋ ಅಂದಕ್ಕಲ್ಲ. ಮನೇಲಿ ಕೇಳ್ಕೊಂಡ್ ಬಂತಾ, ಘಟನೆ ಕ್ರಮವಾಗಿ ಹೇಳ್ತಾ, ಗುಂಪಲ್ಲಿ ಬೇರೆಯೋರ ಮಾತು ಕೇಳ್ತಾ, ಇಷ್ಟು ನೋಡಿ.

ಮುಂದೆ ಇನ್ನೇನ್ ಮಾಡ್ಬಹುದು

ಒಂದೆರಡು ಕಥೆ ಆದ್ಮೇಲೆ ನೆರಳಿನ ಗೊಂಬೆ ಪ್ರಯತ್ನಿಸಿ. ನಮ್ಮ ತೊಗಲುಗೊಂಬೆಯಾಟದ ದಾರಿನೇ: ಬಿಳಿ ಪಂಚೆ ಕಿಟಕಿಗೋ ಎರಡು ಕುರ್ಚಿ ಮಧ್ಯೆಯೋ ಬಿಗಿಯಾಗಿ ಕಟ್ಟಿ, ಹಿಂದಿಂದ ಟಾರ್ಚ್, ಚಾರ್ಟ್ ಪೇಪರ್ ಗೊಂಬೆಗೆ ಪೊರಕೆ ಕಡ್ಡಿ. ಗೊಂಬೆ ಬಟ್ಟೆಗೆ ತಾಗೋ ಹಾಗಿದ್ರೆ ಅಂಚು ಸ್ಪಷ್ಟ, ಟಾರ್ಚ್ ಕಡೆ ಸರಿಸಿದಷ್ಟೂ ದೊಡ್ಡದಾಗಿ ಮಸುಕಾಗತ್ತೆ, ವಿಜ್ಞಾನದ ಬೆಳಕಿನ ಪಾಠ ಅಲ್ಲೇ ಆಗೋಗತ್ತೆ. ಫೋನಲ್ಲಿ ಶೂಟ್ ಮಾಡೋಕೆ ಮುಂಚೆ ಪರದೆ ಮೇಲೆ ಒತ್ತಿ ಹಿಡಿದು ಬೆಳಕು ಲಾಕ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಗೊಂಬೆ ಬಂದಾಗೆಲ್ಲ ವಿಡಿಯೋ ಕಪ್ಪು ಬಿಳಿ ಆಡತ್ತೆ. ಸ್ಟಾಪ್ ಮೋಷನ್ನೂ ಮಕ್ಕಳಿಗೆ ಖುಷಿ, ಆದ್ರೆ ಲೆಕ್ಕ ಹಾಕಿ ಇಳೀರಿ, ಸೆಕೆಂಡಿಗೆ 10 ಫೋಟೋ ಅಂದ್ರೆ ಒಂದು ನಿಮಿಷಕ್ಕೆ 600. ಸೆಕೆಂಡಿಗೆ 5ರಂತೆ 20 ಸೆಕೆಂಡ್ ಮಾಡಿದ್ರೆ 100 ಫೋಟೋದಲ್ಲಿ ಮುಗಿಯತ್ತೆ.

ಇದೇ ಕಥೆನ ಪುಸ್ತಕ ಮಾಡೋದಾದ್ರೆ ಪ್ರಥಮ್ ಬುಕ್ಸ್‌ನೋರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ಇದೆ. ಅಲ್ಲಿ ಕನ್ನಡದಲ್ಲಿ ಓದೋಕೂ ಬೇಕಾದಷ್ಟು ಸಿಗತ್ತೆ, ಮುಕ್ತ ಪರವಾನಗಿ ಇರೋದ್ರಿಂದ ಮೂಲ ಲೇಖಕರ ಹೆಸರು ಹಾಕಿ ಪ್ರಿಂಟ್ ತೆಗೀಬಹುದು, ಅನುವಾದ ಮಾಡ್ಬಹುದು. ಅಕೌಂಟ್ ಮಾಡ್ಕೊಂಡು ಕ್ರಿಯೇಟ್ ಒತ್ತಿ, ಭಾಷೆ ಕನ್ನಡ ಅಂತ ಆರಿಸಿ, ಮಕ್ಕಳ ಚಿತ್ರ ಅಪ್‌ಲೋಡ್ ಮಾಡಿ, ಪುಟಕ್ಕೊಂದು ಸಾಲು ಹಾಕಿ. ಓದಿನ ಹಂತ ನಾಲ್ಕಿದೆ, 250 ಪದದೊಳಗೆ ಇದ್ರೆ ಒಂದನೇ ಹಂತ, ನಮ್ಮ ಆರು ಚೌಕದ ಕಥೆಗಳೆಲ್ಲ ಅಲ್ಲಿಗೇ ಸೇರ್ತವೆ. ಪಬ್ಲಿಶ್ ಮಾಡಿದ್ರೆ ಆ ಚಿತ್ರ, ಕಥೆ ಎರಡೂ ಬೇರೆಯೋರು ಬಳಸ್ಬಹುದು ಅನ್ನೋದನ್ನ ಮಕ್ಕಳಿಗೂ ಮನೆಯೋರಿಗೂ ಮೊದಲೇ ಹೇಳಿ. ಆಮೇಲೆ ಪಿಡಿಎಫ್ ಇಳಿಸಿ, ಕಲರ್ ಪ್ರಿಂಟ್ ಎರಡು ಪ್ರತಿ ತೆಗೆಸಿ ಸ್ಟೇಪಲ್ ಹೊಡೀರಿ, ಒಂದು ಕಥೆ ಹೇಳಿದ ಮನೆಗೆ, ಇನ್ನೊಂದು ಚಿಕ್ಕ ಕ್ಲಾಸಿನ ನಲಿ ಕಲಿ ಕೋಣೆಯ ಓದುವ ಮೂಲೆಗೆ. ಮೂಲ ರೆಕಾರ್ಡಿಂಗ್‌ಗಳನ್ನ ಅಳಿಸದೆ ಊರು, ವರ್ಷ ಬರೆದ ಫೋಲ್ಡರ್ ಮಾಡಿ ಶಾಲೆ ಕಂಪ್ಯೂಟರಲ್ಲೂ ಒಂದು ಪೆನ್‌ಡ್ರೈವಲ್ಲೂ ಇಡಿ, ಮುಂದಿನ ವರ್ಷದ ಐದನೇ ಕ್ಲಾಸಿಗೆ ಶುರು ಮಾಡೋಕೆ ಅದೇ ಮಾದರಿ.